ಉತ್ತರವನ್ನೂ ಹೇಳಿಕೊಡುವ ಟಾಸ್ಕ್ ಚೀಟಿಗಳು

"ಸೆಟ್ಟಿಂಗ್ಸ್‌ಗೆ ಹೋಗಿ ನೋಟಿಫಿಕೇಶನ್ ಆಫ್ ಮಾಡಿ."

ಒಂದು ಆ್ಯಪನ್ನೋ ತಾಣವನ್ನೋ ಜನರ ಕೈಗೆ ಕೊಟ್ಟು, ಅವರು ಎಲ್ಲಿ ಎಡವುತ್ತಾರೆ ಎಂದು ನೋಡುವುದು ಯೂಸಬಿಲಿಟಿ ಟೆಸ್ಟ್. ಅದಕ್ಕೆ ಬಂದವರ ಕೈಗೆ, ಮಾಡಬೇಕಾದ ಕೆಲಸವನ್ನು (ಟಾಸ್ಕ್) ಬರೆದ ಇಂಥ ಚೀಟಿ ಕೊಟ್ಟರೆ ಅವರು ಮಾಡುವುದು ಒಂದೇ: ಸ್ಕ್ರೀನಿನಲ್ಲಿ 'ಸೆಟ್ಟಿಂಗ್ಸ್' ಎಂಬ ಪದ ಎಲ್ಲಿದೆ ಎಂದು ಹುಡುಕುವುದು. ಅದು ಪದ ಹುಡುಕುವ ಆಟವಾಯಿತೇ ಹೊರತು ಡಿಸೈನಿನ ಪರೀಕ್ಷೆಯಾಗಲಿಲ್ಲ. ಐದಕ್ಕೆ ಐದು ಮಂದಿಯೂ ಗೆಲ್ಲುತ್ತಾರೆ, ವರದಿಯಲ್ಲಿ ಎಲ್ಲ ಸಾಲುಗಳೂ ಹಸಿರಾಗುತ್ತವೆ. ಆ್ಯಪ್ ಬಿಡುಗಡೆಯಾದ ಮೇಲೆ ನೋಡಿದರೆ 'ಇದನ್ನು ನಿಲ್ಲಿಸುವುದು ಹೇಗೆ' ಎಂದು ಜನ ಕೇಳುತ್ತಲೇ ಇರುತ್ತಾರೆ.

ಅದೇ ಟಾಸ್ಕನ್ನು ಹೀಗೆ ಬರೆದು ನೋಡಿ: "ರಾತ್ರಿ ಮಲಗಿದ ಮೇಲೂ ಈ ಆ್ಯಪ್‌ನಿಂದ ಫೋನು ಸದ್ದು ಮಾಡುತ್ತಲೇ ಇದೆ. ಬೆಳಗಿನವರೆಗೆ ಅದು ಸುಮ್ಮನಿರಬೇಕು. ಏನು ಮಾಡುತ್ತೀರಿ?" ಇಲ್ಲಿ ಸ್ಕ್ರೀನಿನ ಮೇಲಿರುವ ಒಂದು ಪದವೂ ಇಲ್ಲ. ಕೆಲವರು ಆ್ಯಪ್ ಬಿಟ್ಟು ಫೋನಿನ ವಾಲ್ಯೂಮ್ ಬಟನ್‌ಗೇ ಕೈ ಹಾಕುತ್ತಾರೆ, ಕೆಲವರು ಪ್ರೊಫೈಲ್ ಚಿತ್ರ ಒತ್ತುತ್ತಾರೆ. ನಮಗೆ ಬೇಕಾದ ಮಾಹಿತಿ ಅದೇ. ಯಾರೂ ನೋಟಿಫಿಕೇಶನ್ನಿನ ಗಂಟೆಯ ಐಕಾನನ್ನು ಒತ್ತದಿದ್ದರೆ, ಅಲ್ಲಿ ಹಳೆಯ ಸಂದೇಶಗಳ ಪಟ್ಟಿ ಇರುತ್ತದೆಂದೇ ಅವರು ಊಹಿಸಿದ್ದಾರೆ ಎಂದು ಅರ್ಥವಾಗಬಹುದು. ಕೇಳಿದರೆ ಗೊತ್ತಾಗುತ್ತದೆ.

ಚೀಟಿ ಬರೆದ ಮೇಲೆ ಮಾಡಬೇಕಾದ ಪರಿಶೀಲನೆ ಯಾಂತ್ರಿಕವಾದದ್ದು. ಪ್ರೊಟೊಟೈಪಿನ (ಪರೀಕ್ಷೆಗೆಂದು ಮಾಡಿದ ಮಾದರಿಯ) ಎಲ್ಲ ಬಟನ್, ಮೆನು, ಶೀರ್ಷಿಕೆಗಳ ಪದಗಳನ್ನು ಒಂದು ಕಡೆ ಬರೆದುಕೊಳ್ಳಿ. ಪಕ್ಕದಲ್ಲಿ ಟಾಸ್ಕ್ ಇಡಿ. ಎರಡೂ ಕಡೆ ಬಂದ ಪದಗಳನ್ನು ಟಾಸ್ಕಿನಿಂದ ಹೊಡೆದು ಹಾಕಿ. 'ಪಾಸ್‌ವರ್ಡ್'‌ನಂಥ, ಬೇರೆ ಹೆಸರೇ ಇಲ್ಲದ ಪದಗಳನ್ನು ಬಿಟ್ಟುಬಿಡಬಹುದು. ಅದನ್ನೂ 'ಗುಟ್ಟಿನ ಅಕ್ಷರಮಾಲೆ' ಎಂದೆಲ್ಲ ತಿರುಚಿದರೆ ಬಂದವರು ಒಗಟು ಬಿಡಿಸುತ್ತಾ ಕೂರುತ್ತಾರೆ.

ಇನ್ನೊಂದು, ಟಾಸ್ಕ್ ಎಲ್ಲಿಗೆ ಮುಗಿಯಿತು ಎಂದು ಯಾರು ಹೇಳಬೇಕು? ನಡೆಸುವವರು 'ಸರಿ, ಮುಂದಿನದಕ್ಕೆ ಹೋಗೋಣ' ಎಂದುಬಿಟ್ಟರೆ ಬಹಳ ಮುಖ್ಯವಾದ ಒಂದು ದೋಷ ಕೈತಪ್ಪುತ್ತದೆ. ಹಲವರು ಕೊನೆಯ ಹೆಜ್ಜೆಗಿಂತ ಒಂದು ಸ್ಕ್ರೀನ್ ಮೊದಲೇ ನಿಲ್ಲುತ್ತಾರೆ. ತುಂಬಿದ ವಿವರಗಳನ್ನೆಲ್ಲ ಒಟ್ಟಿಗೆ ತೋರಿಸುವ ಪುಟ ಕಂಡ ಕೂಡಲೇ ಅರ್ಜಿ ಹೋಯಿತು ಎಂದುಕೊಳ್ಳುತ್ತಾರೆ. ಕೆಳಗೆ, ಸ್ಕ್ರೋಲ್ ಮಾಡಿದರೆ ಮಾತ್ರ ಕಾಣುವ 'ಸಲ್ಲಿಸಿ' ಬಟನ್ ಅವರ ಕಣ್ಣಿಗೇ ಬಿದ್ದಿರುವುದಿಲ್ಲ. ಹಾಗಾಗಿ 'ಮುಗಿಯಿತು ಅನ್ನಿಸಿದಾಗ ನೀವೇ ಹೇಳಿ' ಎಂದು ಮೊದಲೇ ತಿಳಿಸಿ, ನಿಜಕ್ಕೂ ಯಾವ ಸ್ಥಿತಿ ತಲುಪಿದರೆ ಯಶಸ್ಸು ಎಂಬುದನ್ನು ನಿಮ್ಮ ಹಾಳೆಯಲ್ಲಿ ಮುಂಚೆಯೇ ಬರೆದಿಟ್ಟುಕೊಳ್ಳಿ. ಟೆಸ್ಟ್ ನಡೆದ ಮೇಲೆ ಯಶಸ್ಸಿನ ಅರ್ಥ ನಿರ್ಧರಿಸಲು ಹೋದರೆ ಎಲ್ಲರೂ ಪಾಸಾಗಿಬಿಡುತ್ತಾರೆ.

ಒಂದು ಗಂಟೆಯ ಸೆಷನ್‌ನಲ್ಲಿ ಪರಿಚಯ ಮತ್ತು ಒಪ್ಪಿಗೆಗೆ 5 ನಿಮಿಷ, ಅವರ ಈಗಿನ ರೂಢಿಯ ಬಗ್ಗೆ ಮಾತಿಗೆ 5ರಿಂದ 8 ನಿಮಿಷ, ಕೊನೆಯ ಪ್ರಶ್ನೆಗಳಿಗೆ 10 ನಿಮಿಷ ಹೋಗುತ್ತದೆ. ಉಳಿಯುವುದು ಸುಮಾರು 40 ನಿಮಿಷ. ಅದರಲ್ಲಿ ಐದಾರು ಟಾಸ್ಕಿಗಿಂತ ಹೆಚ್ಚು ಹಿಡಿಸುವುದಿಲ್ಲ. ಮೊದಲ ಟಾಸ್ಕ್ ಎರಡು ನಿಮಿಷದಲ್ಲಿ ಮುಗಿಯುವಷ್ಟು ಸುಲಭವಾಗಿರಲಿ, ಬಂದವರ ಕೈ ನಡುಕ ಹೋಗಲಿಕ್ಕೆ. ಉಳಿದವುಗಳ ಕ್ರಮವನ್ನು ಒಬ್ಬೊಬ್ಬರಿಗೂ ಬದಲಿಸಿ. ಎರಡನೆಯ ಟಾಸ್ಕಿನಲ್ಲಿ ಹಾದುಹೋದ ಪುಟದಲ್ಲೇ ಐದನೆಯದರ ಉತ್ತರ ಇದ್ದರೆ, ಯಾವಾಗಲೂ ಅದೇ ಕ್ರಮದಲ್ಲಿ ಕೊಟ್ಟಾಗ ಐದನೆಯದು ಸುಲಭ ಎಂಬ ಸುಳ್ಳು ಚಿತ್ರ ಸಿಗುತ್ತದೆ. ದಿನಕ್ಕೆ ನಾಲ್ಕೈದು ಸೆಷನ್ ಸಾಕು, ನಡುವೆ ಅರ್ಧ ಗಂಟೆ ಬಿಡುವು. ಆರನೆಯ ಸೆಷನ್ನಿಗೆ ನಡೆಸುವವರ ಕಿವಿ ಮುಚ್ಚಿರುತ್ತದೆ.

ಎಷ್ಟು ಜನ ಬೇಕು ಎಂಬುದು ಈ ವೃತ್ತಿಯ ಹಳೆಯ ಜಗಳ. 'ಐದು ಜನ ಸಾಕು' ಎಂಬ ಮಾತಿನ ಹಿಂದಿರುವುದು ಸಂಶೋಧಕರಾದ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಪ್ರಕಟಿಸಿದ ಲೆಕ್ಕ. ಅವರು ನೋಡಿದ ಪ್ರಾಜೆಕ್ಟುಗಳಲ್ಲಿ ಒಂದು ದೋಷ ಒಬ್ಬ ಬಳಕೆದಾರರಿಗೆ ಎದುರಾಗುವ ಸರಾಸರಿ ಸಾಧ್ಯತೆ ಶೇ 31. ಅಂದರೆ ಒಬ್ಬರ ಕಣ್ಣಿಗೆ ಅದು ಬೀಳದೆ ಹೋಗುವ ಸಾಧ್ಯತೆ 0.69, ಐವರಿಗೂ ಬೀಳದಿರುವುದು 0.69 ಅನ್ನು ಐದು ಸಲ ಗುಣಿಸಿದಷ್ಟು, ಸುಮಾರು 0.16. ಉಳಿದ ಶೇ 84-85ರಷ್ಟು ದೋಷಗಳು ಸಿಗುತ್ತವೆ ಎಂಬ ಪ್ರಸಿದ್ಧ ಅಂಕಿ ಬಂದದ್ದು ಹೀಗೆ. ಆದರೆ ಆ 31 ಸರಾಸರಿ ಎಂಬುದನ್ನು ಮರೆಯುವವರೇ ಹೆಚ್ಚು. ಹತ್ತರಲ್ಲಿ ಒಬ್ಬರಿಗೆ ಮಾತ್ರ ತಗಲುವ ದೋಷವಾದರೆ ಐದು ಜನರಲ್ಲಿ ಅದು ಕಾಣಿಸಿಕೊಳ್ಳುವ ಸಾಧ್ಯತೆ ಶೇ 41 ಅಷ್ಟೇ; ಶೇ 85ಕ್ಕೆ ಏರಿಸಬೇಕಾದರೆ 18 ಜನ ಬೇಕು. ಹಣ ಪಾವತಿಯ ಪುಟದಲ್ಲೋ ಔಷಧದ ಪ್ರಮಾಣ ತುಂಬುವ ಪುಟದಲ್ಲೋ ಹತ್ತರಲ್ಲೊಬ್ಬರು ಎಡವುವುದೆಂದರೆ ಸಣ್ಣ ಮಾತಲ್ಲ. ಉಳಿದ ಕಡೆ, ಒಂದೇ ಸಲ ಹದಿನೈದು ಜನರನ್ನು ಕೂರಿಸುವುದಕ್ಕಿಂತ ಐವರಂತೆ ಮೂರು ಸುತ್ತು ಮಾಡಿ, ನಡುವೆ ತಿದ್ದಿಕೊಳ್ಳುವುದು ಎಷ್ಟೋ ಲಾಭ. ಒಂದು ದೊಡ್ಡ ದೋಷ ದಾರಿಗೆ ಅಡ್ಡ ಕೂತಿದ್ದರೆ ಅದರ ಹಿಂದಿನ ದೋಷಗಳನ್ನು ಯಾರೂ ತಲುಪುವುದೇ ಇಲ್ಲವಲ್ಲ.

ಈ ಐವರು ಎಂದರೆ ಒಂದೇ ಬಗೆಯ ಬಳಕೆದಾರರಲ್ಲಿ ಐವರು. ಅಂಗಡಿಯವರೂ ಗ್ರಾಹಕರೂ ಬಳಸುವ ಆ್ಯಪಾದರೆ ಎರಡು ಗುಂಪಾಯಿತು. ಆರಿಸುವಾಗ 'ನೀವು ಆನ್‌ಲೈನ್‌ನಲ್ಲಿ ಟಿಕೆಟ್ ಬುಕ್ ಮಾಡುತ್ತೀರಾ?' ಎಂದು ನೇರ ಕೇಳಬಾರದು. ಬರಬೇಕೆಂಬ ಆಸೆಯಿರುವವರೆಲ್ಲ ಹೌದು ಎನ್ನುತ್ತಾರೆ. 'ಕಳೆದ 30 ದಿನಗಳಲ್ಲಿ ಫೋನಿನಲ್ಲಿ ಇವುಗಳಲ್ಲಿ ಏನೇನು ಮಾಡಿದಿರಿ?' ಎಂದು ಏಳೆಂಟು ಆಯ್ಕೆ ಕೊಟ್ಟು, ನಮಗೆ ಬೇಕಾದದ್ದನ್ನು ಅವುಗಳ ನಡುವೆ ಹುದುಗಿಸಬೇಕು. ಒಬ್ಬರು ಕೈಕೊಡುತ್ತಾರೆ ಎಂದೇ ಲೆಕ್ಕ ಹಾಕಿ ಆರು ಜನಕ್ಕೆ ಹೇಳಿಡಿ. ಪಕ್ಕದ ಟೀಮಿನ ಸಹೋದ್ಯೋಗಿಯನ್ನು ಕೂರಿಸಿಕೊಂಡು ಮಾಡಿದ್ದನ್ನು ಟೆಸ್ಟ್ ಎಂದು ಕರೆಯಬೇಡಿ, ಅಭ್ಯಾಸದ ಸೆಷನ್‌ಗೆ ಮಾತ್ರ ಅವರು ಸರಿ.

ಆ ಅಭ್ಯಾಸದ ಸೆಷನ್ ತಪ್ಪಿಸುವವರು ಬಹಳ. ಪ್ರೊಟೊಟೈಪಿನ ಸತ್ತ ಲಿಂಕುಗಳು, ಎರಡು ಅರ್ಥ ಕೊಡುವ ಚೀಟಿ, ರೆಕಾರ್ಡ್ ಆಗದ ಧ್ವನಿ, ಇವೆಲ್ಲ ಅಲ್ಲೇ ಸಿಗಬೇಕು. ಇಲ್ಲದಿದ್ದರೆ ಐವರಲ್ಲಿ ಮೊದಲನೆಯವರು ಸುಮ್ಮನೆ ಬಲಿಯಾಗುತ್ತಾರೆ. ಫಿಗ್ಮಾ ಎಂಬ ಡಿಸೈನ್ ಸಾಧನದಲ್ಲಿ ಮಾಡಿದ ಪ್ರೊಟೊಟೈಪಾದರೆ ಹಾಟ್‌ಸ್ಪಾಟ್ ಸುಳಿವನ್ನು ಆಫ್ ಮಾಡಿದ್ದೀರಾ ನೋಡಿ. ಅದು ಆನ್ ಇದ್ದರೆ ಬೇರೆಲ್ಲೋ ಒತ್ತಿದಾಗ ಒತ್ತಬಹುದಾದ ಜಾಗಗಳು ಮಿನುಗಿ ತೋರಿಸುತ್ತವೆ. ಎರಡನೆಯ ಸಲಕ್ಕೆ ಜನ ಬೇಕೆಂದೇ ಖಾಲಿ ಜಾಗ ಒತ್ತಿ ದಾರಿ ಕಂಡುಕೊಳ್ಳುತ್ತಾರೆ. ಒಂದೇ ಸರಿಯಾದ ದಾರಿ ಮಾತ್ರ ಕೆಲಸ ಮಾಡುವ ಪ್ರೊಟೊಟೈಪಿನಲ್ಲೂ ಇದೇ ತೊಂದರೆ. ಜನ ತಪ್ಪಲು ಕನಿಷ್ಠ ಎರಡು ಮೂರು ದಾರಿಗಳನ್ನಾದರೂ ತೆರೆದಿಡಬೇಕು. ಮೊಬೈಲಿನ ಡಿಸೈನನ್ನು ಮೊಬೈಲಿನಲ್ಲೇ ತೋರಿಸಿ, ಲ್ಯಾಪ್‌ಟಾಪಿನಲ್ಲಿ ಮೌಸ್ ಹಿಡಿದಾಗ ಹೆಬ್ಬೆರಳಿನ ಕಷ್ಟ ಒಂದೂ ಗೊತ್ತಾಗದು. ಹೆಸರಿನ ಜಾಗದಲ್ಲಿ ಚಿಕ್ಕ ಚೊಕ್ಕ ಹೆಸರು ಹಾಕಿ ಮೋಸ ಹೋಗಬೇಡಿ. ಅತಿ ಉದ್ದದ ಹೆಸರು, ಖಾಲಿ ಪಟ್ಟಿ, ಮೂರು ಸಾಲಿನ ವಿಳಾಸ, ಇವನ್ನೂ ಹಾಕಿ. ಒತ್ತಕ್ಷರ ಕೆಳಕ್ಕಿಳಿಯುವ ಲಿಪಿಗಳಲ್ಲಿ ಸಾಲಿನ ಎತ್ತರ ಸಾಲದೆ ಅಕ್ಷರದ ಬುಡ ಕತ್ತರಿಸಿ ಹೋಗುವುದು ಕಾಣುವುದೂ ನಿಜವಾದ ಪಠ್ಯ ತುಂಬಿದಾಗಲೇ.

ಅಳತೆ ಹಿಡಿದು ನೋಡಬಹುದಾದದ್ದಕ್ಕೆ ಬಂದವರ ಸಮಯ ಖರ್ಚು ಮಾಡಬಾರದು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ 4.5:1, ದೊಡ್ಡ ಅಕ್ಷರಕ್ಕೆ 3:1 ಕಾಂಟ್ರಾಸ್ಟ್ ಇರಬೇಕು ಎಂದು ವೆಬ್ ಎಲ್ಲರಿಗೂ ಬಳಸಲಾಗುವಂತಿರಲು ರೂಪಿಸಿದ ಡಬ್ಲ್ಯೂಸಿಎಜಿ ಮಾರ್ಗಸೂಚಿ ಎಎ ಎಂಬ ನಡುವಿನ ಮಟ್ಟದಲ್ಲಿ ಹೇಳುತ್ತದೆ. 2023ರ ಅಕ್ಟೋಬರಿನಲ್ಲಿ ಬಂದ 2.2 ಆವೃತ್ತಿ ಒತ್ತುವ ಜಾಗಕ್ಕೆ ಕನಿಷ್ಠ 24×24 ಸಿಎಸ್‌ಎಸ್ ಪಿಕ್ಸೆಲ್ ಎಂದು ಸೇರಿಸಿತು, ಕೆಲವು ವಿನಾಯಿತಿಗಳೊಡನೆ. ಅದು ತೀರಾ ಕನಿಷ್ಠ. ತಮ್ಮ ತಮ್ಮ ಸ್ಕ್ರೀನ್ ಅಳತೆಗಳಲ್ಲಿ ಆಪಲ್ 44 ಪಾಯಿಂಟ್, ಆಂಡ್ರಾಯ್ಡ್ 48 ಡಿಪಿ ಸೂಚಿಸುತ್ತವೆ, ಅವೇ ಸರಿಯಾದ ಅಳತೆ. ತಿಳಿಬೂದು ಅಕ್ಷರ ಓದಲಾಗದೆ ಐದು ಜನ ಕಣ್ಣು ಕಿರಿದು ಮಾಡಿದರು ಎಂದು ವರದಿ ಬರೆಯುವುದು, ಸ್ಕೇಲಿನಲ್ಲಿ ಅಳೆಯಬಹುದಾದದ್ದನ್ನು ಮತಕ್ಕೆ ಹಾಕಿದ ಹಾಗೆ.

ಇನ್ನು ಸೆಷನ್ ನಡೆಸುವವರ ಬಾಯಿ. ಚೀಟಿಯಷ್ಟೇ ಉತ್ತರ ಸೋರುವುದು ಇಲ್ಲಿಂದ. ಮನಸ್ಸಿನಲ್ಲಿ ಓಡುತ್ತಿರುವುದನ್ನು ಜೋರಾಗಿ ಹೇಳುತ್ತಾ ಕೆಲಸ ಮಾಡಿಸುವ ವಿಧಾನವನ್ನು ಇಂಟರ್‌ಫೇಸ್‌ಗಳಿಗೆ ಹೊಂದಿಸಿ 1982ರಲ್ಲಿ ಬರೆದವರು ಐಬಿಎಂನಲ್ಲಿದ್ದ ಕ್ಲೇಟನ್ ಲೂಯಿಸ್. ಹೇಳಿಸುವುದು ಅಷ್ಟು ಸುಲಭವಲ್ಲ. 'ಮನಸ್ಸಿಗೆ ಬಂದದ್ದನ್ನು ಹೇಳಿ' ಎಂದರೆ ಯಾರಿಗೂ ತಿಳಿಯುವುದಿಲ್ಲ. ಬೇರೆ ಯಾವುದಾದರೂ ತಾಣದಲ್ಲಿ ಒಂದು ನಿಮಿಷ ನೀವೇ ಮಾಡಿ ತೋರಿಸಿ. ಮೊದಲಲ್ಲೇ 'ನಾವು ಪರೀಕ್ಷಿಸುತ್ತಿರುವುದು ಇದನ್ನು, ನಿಮ್ಮನ್ನಲ್ಲ' ಎಂದೂ, 'ಇದನ್ನು ಮಾಡಿದವರು ನಾನಲ್ಲ' ಎಂದೂ ಹೇಳುವುದು ರೂಢಿ. ಎರಡನೆಯದು ನಿಜವಾಗಿದ್ದರೆ ಮಾತ್ರ ಹೇಳಿ. ಡಿಸೈನ್ ಮಾಡಿದವರೇ ಎದುರು ಕೂತರೆ ಬಂದವರು ಮುಖ ನೋಡಿ ಹೊಗಳುತ್ತಾರೆ, ಆದ್ದರಿಂದ ಮಾಡಿದವರು ಬೇರೆ ಕೋಣೆಯಲ್ಲಿ ಕೂತು ನೋಡುವುದು ಮೇಲು.

'ಇದನ್ನು ಒತ್ತಲಾ?' ಎಂದು ಕೇಳುತ್ತಾರೆ. 'ಹೂಂ' ಎನ್ನಬೇಡಿ. ತಲೆಯನ್ನೂ ಆಡಿಸಬೇಡಿ. 'ನಾನು ಇಲ್ಲಿ ಇಲ್ಲದಿದ್ದರೆ ಏನು ಮಾಡುತ್ತಿದ್ದಿರಿ?' ಎನ್ನಿ. ಒತ್ತುವ ಮೊದಲು ಕೈ ತಡೆದರೆ 'ಒತ್ತಿದರೆ ಏನಾಗಬಹುದು ಅನ್ನಿಸುತ್ತದೆ?' ಇಷ್ಟೇ. 'ಈ ಮೆನು ಗೊಂದಲವಾಯಿತಾ?' ಎಂದು ಕೇಳಿದಿರೋ, ಅಲ್ಲಿಯವರೆಗೆ ಗೊಂದಲವಾಗದವರಿಗೂ ಆಗಿಬಿಡುತ್ತದೆ. ಸರಿಯಾದಾಗ 'ವೆರಿ ಗುಡ್' ಎನ್ನುವ ಚಟ ಇನ್ನೂ ಅಪಾಯ: ಮುಂದಿನ ಟಾಸ್ಕಿನಲ್ಲಿ ನೀವು ಸುಮ್ಮನಿದ್ದಾಗ ತಪ್ಪಾಯಿತೆಂದು ಅವರಿಗೆ ತಿಳಿಯುತ್ತದೆ. ಮೌನ ಬಂದರೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ಆಮೇಲೆ 'ಈಗ ಏನು ನೋಡುತ್ತಿದ್ದೀರಿ?' ಎಂದು ಕೇಳಿ. ಟಾಸ್ಕ್ ಮುಗಿಸಲು ಹಿಡಿದ ಸಮಯವನ್ನೂ ಅಳೆಯುವ ಆಸೆಯಿದ್ದರೆ ಜೋರಾಗಿ ಹೇಳಿಸುವುದನ್ನು ಬಿಡಿ. ಮಾತಾಡುತ್ತಾ ಮಾಡಿದ ಕೆಲಸದ ಸಮಯ ಯಾವುದಕ್ಕೂ ಹೋಲಿಕೆಗೆ ಬರದು.

ನೆರವಿಗೆ ಧಾವಿಸುವುದು ಯಾವಾಗ? ಒಂದೇ ತಪ್ಪು ದಾರಿಯನ್ನು ಮೂರನೆಯ ಸಲ ಹಿಡಿದಾಗ, ಅಥವಾ ನೀವು ಮೊದಲೇ ಗೊತ್ತುಮಾಡಿದ ಮಿತಿ, ಉದಾಹರಣೆಗೆ 5 ನಿಮಿಷ, ದಾಟಿದಾಗ. ಆಗ ಅದನ್ನು 'ನೆರವಿನಿಂದ ಮುಗಿಯಿತು' ಎಂದು ಬೇರೆಯೇ ಗುರುತಿಸಿ, ಯಶಸ್ಸಿನ ಜೊತೆ ಸೇರಿಸಬೇಡಿ.

ಟಿಪ್ಪಣಿಯಲ್ಲಿ ಕಂಡದ್ದು ಬೇರೆ, ನಾವು ಅಂದುಕೊಂಡದ್ದು ಬೇರೆ ಕಾಲಂನಲ್ಲಿರಲಿ. 'ಫಿಲ್ಟರ್ ಅರ್ಥವಾಗಲಿಲ್ಲ' ಎಂಬುದು ನಮ್ಮ ಊಹೆ. '04:12ಕ್ಕೆ ಫಿಲ್ಟರ್ ತೆರೆದರು, ಎರಡು ಗುರುತು ಹಾಕಿದರು, ಅನ್ವಯಿಸದೆ ಹಿಂದಕ್ಕೆ ಬಂದರು, "ಏನೂ ಬದಲಾಗಲಿಲ್ಲ" ಎಂದರು' ಎಂಬುದು ಕಂಡದ್ದು. ಎರಡನೆಯದನ್ನು ಓದಿದ ಡೆವಲಪರ್‌ಗೆ ಏನು ಸರಿಪಡಿಸಬೇಕೆಂದು ಹೇಳಿಕೊಡಬೇಕಾಗಿಯೇ ಇಲ್ಲ: ಗುರುತು ಹಾಕಿದ ಕೂಡಲೇ ಪಟ್ಟಿ ಬದಲಾಗಬೇಕು, ಇಲ್ಲವೇ 'ಅನ್ವಯಿಸಿ' ಬಟನ್ ಯಾವಾಗಲೂ ಕಣ್ಣೆದುರು ಇರಬೇಕು.

ದೋಷಗಳ ತೀವ್ರತೆಗೆ ನೀಲ್ಸನ್ ಕೊಟ್ಟ 0ಯಿಂದ 4ರ ಅಳತೆ ಈಗಲೂ ನಡೆಯುತ್ತದೆ. 0 ಎಂದರೆ ದೋಷವೇ ಅಲ್ಲ, 4 ಎಂದರೆ ಸರಿಪಡಿಸದೆ ಬಿಡುಗಡೆ ಮಾಡಲೇಬಾರದು. ಅಂಕ ಹಾಕುವುದನ್ನು ಇಬ್ಬರು ಒಬ್ಬರದ್ದನ್ನೊಬ್ಬರು ನೋಡದೆ ಮಾಡಲಿ. ಯೂಸಬಿಲಿಟಿ ತಜ್ಞ ರೋಲ್ಫ್ ಮೋಲಿಕ್ ನಡೆಸಿದ, ಇಂಥ ಪರಿಶೀಲನೆಗಳನ್ನೇ ಹೋಲಿಸಿ ನೋಡುವ ಸಿಯುಇ ಅಧ್ಯಯನಗಳಲ್ಲಿ ಒಂದೇ ತಾಣವನ್ನು ಪರಿಶೀಲಿಸಿದ ಬೇರೆ ಬೇರೆ ವೃತ್ತಿಪರ ತಂಡಗಳ ಪಟ್ಟಿಗಳು ಒಂದಕ್ಕೊಂದು ಬಹಳ ಕಡಿಮೆ ಹೊಂದಿದವು. ಅನುಭವಿಗಳಿಗೇ ಹೀಗಾದರೆ ಒಬ್ಬರ ಪಟ್ಟಿಯನ್ನೇ ನಂಬುವುದು ಹೇಗೆ?

ವರದಿಯಲ್ಲಿ 'ಶೇ 60 ಜನ ವಿಫಲ' ಎಂದು ಬರೆಯಬೇಡಿ, 'ಐವರಲ್ಲಿ ಮೂವರು' ಎಂದು ಬರೆಯಿರಿ. ಐದಕ್ಕೆ ಐದು ಮಂದಿ ಗೆದ್ದರೂ ಶೇ 95ರ ವಿಶ್ವಾಸ ಮಟ್ಟದಲ್ಲಿ ನಿಜವಾದ ಯಶಸ್ಸಿನ ಕೆಳಮಿತಿ ಶೇ 48ರ ಹತ್ತಿರ ಇರುತ್ತದೆ. ಶೇಕಡಾವಾರು ಚಿಹ್ನೆ ಕಂಡ ಕೂಡಲೇ ಮ್ಯಾನೇಜರ್‌ಗಳು ಅದನ್ನು ಸ್ಲೈಡಿಗೆ ಏರಿಸುತ್ತಾರೆ, ಆಮೇಲೆ ಇಳಿಸಲಾಗದು. ಬಳಕೆ ಎಷ್ಟು ಸುಲಭವೆನಿಸಿತು ಎಂದು ಬಂದವರಿಂದಲೇ ಅಂಕ ಹಾಕಿಸುವ ಸಿಸ್ಟಮ್ ಯೂಸಬಿಲಿಟಿ ಸ್ಕೇಲ್‌ಗೂ ಇದೇ ಗತಿ. ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ಹತ್ತು ಹೇಳಿಕೆಗಳ ಪಟ್ಟಿ ಅದು, ಪ್ರತಿಯೊಂದನ್ನು ಎಷ್ಟು ಒಪ್ಪುತ್ತೀರಿ ಎಂಬುದಕ್ಕೆ 1ರಿಂದ 5. ಬೆಸ ಸಂಖ್ಯೆಯ ಹೇಳಿಕೆಗಳಲ್ಲಿ ಉತ್ತರದಿಂದ 1 ಕಳೆಯಬೇಕು, ಸಮ ಸಂಖ್ಯೆಯವುಗಳಲ್ಲಿ 5ರಿಂದ ಉತ್ತರವನ್ನು ಕಳೆಯಬೇಕು, ಎಲ್ಲ ಕೂಡಿ 2.5ರಿಂದ ಗುಣಿಸಬೇಕು. 0ಯಿಂದ 100ರ ನಡುವೆ ಬರುತ್ತದಾದರೂ ಅದು ಶೇಕಡಾವಾರು ಅಲ್ಲ. 68ರ ಆಸುಪಾಸು ಸರಾಸರಿ. 70 ಬಂತೆಂದು ಫಸ್ಟ್ ಕ್ಲಾಸ್ ಎಂದು ಕುಣಿಯುವಂತಿಲ್ಲ. ಸಮ ಸಂಖ್ಯೆಯ ಹೇಳಿಕೆಗಳು ನಕಾರಾತ್ಮಕ. ಅನುವಾದ ಮಾಡುವಾಗ ಅವನ್ನು 'ಸರಿ ಮಾಡಿ' ಸಕಾರಾತ್ಮಕವಾಗಿಸಿ, ಹಳೆಯ ಸೂತ್ರದಲ್ಲೇ ಲೆಕ್ಕ ಹಾಕಿದ ಹಾಳೆಗಳು ಚಲಾವಣೆಯಲ್ಲಿವೆ. ಅಂಕ ವಿಚಿತ್ರವಾಗಿ ಕಡಿಮೆ ಬಂದರೆ ಮೊದಲು ಅಲ್ಲಿ ನೋಡಿ.

ತಿದ್ದಿದ ಮೇಲಿನ ಎರಡನೆಯ ಸುತ್ತಿಗೆ ಅವೇ ಟಾಸ್ಕ್‌ಗಳು, ಹೊಸ ಜನ. ಹಳೆಯವರನ್ನೇ ಕರೆದರೆ ಅವರಿಗೆ ದಾರಿ ಗೊತ್ತು. ಲೇಬಲ್‌ಗಳನ್ನು ಬದಲಿಸಿದ್ದರೆ ಪದಗಳ ಪಟ್ಟಿ ಮತ್ತೆ ಮಾಡಿ, ಚೀಟಿಗಳ ಪಕ್ಕದಲ್ಲಿಟ್ಟು ಇನ್ನೊಮ್ಮೆ ನೋಡಿ. ಮೊದಲ ಸುತ್ತಿನಲ್ಲಿ ಬಳಕೆದಾರರ ಬಾಯಿಂದ ಬಂದ ಪದವನ್ನೇ ಬಟನ್‌ಗೆ ಹಾಕಿರುತ್ತೀರಿ. ಬಹಳ ಸಲ ಆ ಪದ ಚೀಟಿಯಲ್ಲೂ ಇರುತ್ತದೆ.