ರೆಡ್ ಹುಕ್‌ನಲ್ಲಿ ಮನೆ ಮಾರಾಟಕ್ಕಿದೆ, ಮೊದಲು ಬೇಸ್‌ಮೆಂಟ್ ತೋರಿಸಿ

ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನ ರೆಡ್ ಹುಕ್‌ನಲ್ಲಿ ಒಂದು ತ್ರೀ-ಫ್ಯಾಮಿಲಿ ಮನೆ ಮಾರಾಟಕ್ಕೆ ಬಂದಿದೆ. ಹಳೇ ಇಟ್ಟಿಗೆ ಕಟ್ಟಡ, ಮಹಡಿಗೊಂದು ಸಂಸಾರ. ಜಾಹೀರಾತಿನಲ್ಲಿ ತಾರಸಿ ಇದೆ, ಹತ್ತಿರದ ಸಮುದ್ರವಿದೆ, ಸುತ್ತಮುತ್ತಲಿನ ಕಲಾವಿದರ ಸ್ಟುಡಿಯೋಗಳ ವರ್ಣನೆಯಿದೆ. ಬೇಸ್‌ಮೆಂಟಿನ ಒಂದು ಫೋಟೊ ಕೂಡ ಇಲ್ಲ. ನಮ್ಮ ಭಾವ ಮತ್ತು ನಾನು ಸೇರಿ ಕೊಳ್ಳೋಣ ಅಂತ ಮಾತಾಡುತ್ತಿದ್ದೇವೆ. ಒಂದು ಮಹಡಿ ಅವರಿಗೆ, ಒಂದು ನಮಗೆ, ಇನ್ನೊಂದು ಬಾಡಿಗೆಗೆ.

ಜಾಗ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಒಂದು ಕಾಲದಲ್ಲಿ ಇದು ಭಾರಿ ಬಂದರು. ಹಡಗಿನ ಕೆಲಸ ನ್ಯೂಜೆರ್ಸಿ ಕಡೆ ಹೋಯಿತು, ಹೆದ್ದಾರಿಯೊಂದು ಬಂದು ಊರಿನ ಉಳಿದ ಭಾಗದಿಂದ ಇದನ್ನು ಕತ್ತರಿಸಿತು, ಗೋದಾಮುಗಳು ಖಾಲಿ ಬಿದ್ದವು. ದೊಡ್ಡ ಜಾಗ, ಕಡಿಮೆ ಬಾಡಿಗೆ ಸಿಕ್ಕರೆ ಕಲಾವಿದರು ಬರದೇ ಇರುತ್ತಾರಾ? ಹಳೆಯ ಕಬ್ಬಿಣದ ಕಾರ್ಖಾನೆಯೊಂದು ಈಗ ಪಯೊನೀರ್ ವರ್ಕ್ಸ್ ಅನ್ನುವ ಕಲಾಕೇಂದ್ರ. ಹಡಗುಕಟ್ಟೆಯ ಮೇಲೆ ನಿಂತರೆ ಲಿಬರ್ಟಿ ಪ್ರತಿಮೆ ಎದುರಿಗೇ ಕಾಣುತ್ತದೆ. ಸಬ್‌ವೇ ಮಾತ್ರ ಒಳಗೆ ಬರುವುದಿಲ್ಲ. ಸ್ಮಿತ್–ನೈನ್ತ್ ಸ್ಟ್ರೀಟ್ ಸ್ಟೇಷನ್ನಿಗೆ ನಡೆಯಬೇಕು, ಇಲ್ಲಾ ಬಸ್ಸಿಗೆ ಕಾಯಬೇಕು, ಇಲ್ಲಾ ಫೆರ್ರಿ ಹಿಡಿಯಬೇಕು. ಅದು ನನಗೇನೂ ದೊಡ್ಡದಲ್ಲ.

ದೊಡ್ಡದು ನೀರು. 2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ಬಂದಾಗ ಸಮುದ್ರ ಈ ಬೀದಿಗಳಿಗೇ ನುಗ್ಗಿತು. ಬೇಸ್‌ಮೆಂಟ್‌ಗಳು ತುಂಬಿದವು. ಮನೆಯನ್ನು ಬೆಚ್ಚಗಿಡುವ ಬಾಯ್ಲರ್, ವಿದ್ಯುತ್ ಪ್ಯಾನಲ್ ಎಲ್ಲ ಅಲ್ಲೇ ಇದ್ದಿದ್ದರಿಂದ ಮೇಲಿನ ಮಹಡಿಯಲ್ಲಿ ಒಣಗಿ ಕೂತಿದ್ದವರಿಗೂ ಕರೆಂಟಿಲ್ಲ, ಬಿಸಿಯಿಲ್ಲ. ಇಲ್ಲಿನ ಸರ್ಕಾರಿ ವಸತಿ ಕಟ್ಟಡಗಳಲ್ಲಂತೂ ಜನ ವಾರಗಟ್ಟಲೆ ಹಾಗೇ ದಿನ ದೂಡಿದರು. ಹಾಗಾಗಿ ಬ್ರೋಕರ್‌ಗೆ ನನ್ನ ಮೊದಲ ಪ್ರಶ್ನೆ, ಬಾಯ್ಲರ್ ಎಲ್ಲಿದೆ? ಸ್ಯಾಂಡಿ ಆದಮೇಲೆ ಅದನ್ನು ಮೇಲಕ್ಕೆ ಸಾಗಿಸಿದ್ದರೆ ಮಾಲೀಕರು ತಲೆ ಓಡಿಸಿದ್ದಾರೆ ಅಂತ ಅರ್ಥ. ಅದೇ ಬೇಸ್‌ಮೆಂಟಿನಲ್ಲಿ ಹೊಸ ಬಾಯ್ಲರ್ ಇಟ್ಟು, ಗೋಡೆಗೆ ಬಿಳಿ ಬಣ್ಣ ಬಳಿದಿದ್ದರೆ ನಾನು ಬೆಲೆಯ ಮಾತೇ ಎತ್ತುವುದಿಲ್ಲ.

ಪ್ರವಾಹ ವಿಮೆಯದು ಇನ್ನೊಂದು ಕಥೆ. ಅಪಾಯದ ವಲಯದಲ್ಲಿದ್ದರೆ ಹೆಚ್ಚುಕಮ್ಮಿ ಯಾವ ಬ್ಯಾಂಕೂ ಅದಿಲ್ಲದೆ ಸಾಲ ಕೊಡುವುದಿಲ್ಲ. ಕೇಂದ್ರ ಸರ್ಕಾರದ ವಿಮೆಯಲ್ಲಿ ನಾಲ್ಕು ಸಂಸಾರದವರೆಗಿನ ಕಟ್ಟಡಕ್ಕೆ ಹೆಚ್ಚೆಂದರೆ 2,50,000 ಡಾಲರ್ ಪರಿಹಾರ. ಬ್ರೂಕ್ಲಿನ್‌ನಲ್ಲಿ ಮನೆ ಕಟ್ಟಿಸಿದವರನ್ನು ಕೇಳಿ, ಅದು ಎಷ್ಟರ ಮಟ್ಟಿಗೆ ಸಾಕಾಗುತ್ತದೆ ಅಂತ. ಬೇಸ್‌ಮೆಂಟಿನಲ್ಲಿ ಬಾಯ್ಲರ್‌ನಂಥವಕ್ಕೆ ದುಡ್ಡು ಬರುತ್ತದೆ, ಅಲ್ಲಿ ಇಟ್ಟಿದ್ದ ಸೋಫಾ, ಕಾರ್ಪೆಟ್ಟಿಗೆ ಬರುವುದಿಲ್ಲ.

ಭಾವನ ಲೆಕ್ಕ ಬೇರೆ. "ನಾವೇ ಅಲ್ಲಿರ್ತೀವಲ್ಲ, ಎಫ್‌ಎಚ್‌ಎ ಸಾಲ ತಗೊಂಡ್ರೆ ಬರೀ 3.5 ಪರ್ಸೆಂಟ್ ಕೈಯಿಂದ ಹಾಕಿದ್ರೆ ಸಾಕು" ಅಂದರು. ಎಫ್‌ಎಚ್‌ಎ ಅಂದರೆ ಕೇಂದ್ರ ಸರ್ಕಾರದ ಖಾತರಿ ಇರುವ ಗೃಹಸಾಲ. ಸರಿ, ಆದರೆ ಮೂರು, ನಾಲ್ಕು ಮನೆಯ ಕಟ್ಟಡಕ್ಕೆ ಅಲ್ಲೊಂದು ಪರೀಕ್ಷೆ ಇದೆ. ನಾವಿರುವ ಮನೆಯನ್ನೂ ಸೇರಿಸಿ ಎಲ್ಲ ಮನೆಗಳಿಗೆ ಬರಬಹುದಾದ ಬಾಡಿಗೆ ಲೆಕ್ಕ ಹಾಕಿ, ಖಾಲಿ ಬೀಳುವುದಕ್ಕೂ ರಿಪೇರಿಗೂ ಅಂತ ಕಾಲುಭಾಗದಷ್ಟು ಕಳೆದು, ಉಳಿದದ್ದರಲ್ಲಿ ತಿಂಗಳ ಕಂತು, ತೆರಿಗೆ, ವಿಮೆ ಎಲ್ಲ ತೀರಬೇಕು. ಈ ಬೆಲೆಗೆ, ಈ ಬಡ್ಡಿಗೆ ಮೊದಲೇ ಕಷ್ಟ. ಮೇಲೆ ಪ್ರವಾಹ ವಿಮೆ ಕೂತರೆ? ಇನ್ನು ಬೆಲೆ ಹತ್ತು ಲಕ್ಷ ಡಾಲರ್ ಮುಟ್ಟಿತೆಂದರೆ ಕೊಳ್ಳುವವರ ಮೇಲೆ ಪೂರ್ತಿ ಬೆಲೆಗೆ ಕನಿಷ್ಠ ಒಂದು ಪರ್ಸೆಂಟ್ 'ಮ್ಯಾನ್ಶನ್ ಟ್ಯಾಕ್ಸ್', ಅಂದರೆ ಬಂಗಲೆ ತೆರಿಗೆ. ಸೋರುವ ಕಿಟಕಿಯ ಮನೆಗೂ ಅದೇ ಹೆಸರು, ನಗು ಬರುತ್ತೆ.

ಬೇಸ್‌ಮೆಂಟಿನಲ್ಲೂ ಒಂದು ರೂಮು ಮಾಡಿ ಬಾಡಿಗೆಗೆ ಕೊಡಬಹುದು ಅಂತ ಬ್ರೋಕರ್ ಮೆಲ್ಲಗೆ ಹೇಳಿದರು. ಕಟ್ಟಡದಲ್ಲಿ ಎಷ್ಟು ಸಂಸಾರ ಇರಬಹುದು ಅಂತ ನಗರಾಡಳಿತ ಕೊಡುವ ಸರ್ಟಿಫಿಕೇಟ್ ಆಫ್ ಆಕ್ಯುಪೆನ್ಸಿಯಲ್ಲಿ ಮೂರು ಅಂತಿದ್ದರೆ ಮೂರೇ. 2021ರಲ್ಲಿ ಐಡಾ ಚಂಡಮಾರುತದ ಮಳೆ ಸುರಿದ ರಾತ್ರಿ ಈ ನಗರದಲ್ಲಿ ಸತ್ತವರಲ್ಲಿ ಬಹುಪಾಲು ಜನ ಬೇಸ್‌ಮೆಂಟ್ ಮನೆಗಳಲ್ಲಿ ಮುಳುಗಿದವರು. ಆ ಮಾತು ಅಲ್ಲಿಗೇ ಬಿಟ್ಟೆ.

ಮಧ್ಯದ ಮಹಡಿಯಲ್ಲಿ ಪ್ರಿಂಟ್ ಮಾಡುವ ಒಬ್ಬ ಕಲಾವಿದೆ ಬಹಳ ವರ್ಷದಿಂದ ಬಾಡಿಗೆಗಿದ್ದಾರೆ. ಮನೆ ಖಾಲಿ ಮಾಡಿಸಿಯೇ ಕೊಡುತ್ತೇವೆ ಅನ್ನುವುದು ಬ್ರೋಕರ್ ಕೊಡುವ ದೊಡ್ಡ ಆಸೆ. ನನಗದು ಬೇಡ. ಇದು ಕಲಾವಿದರ ಬೀದಿ ಅಂತ ಹೇಳಿ ಜಾಸ್ತಿ ಬೆಲೆ ಕೇಳುವುದು, ಆಮೇಲೆ ಇರುವ ಕಲಾವಿದೆಯನ್ನೇ ಹೊರಗೆ ಹಾಕುವುದು, ಇದ್ಯಾವ ನ್ಯಾಯ? ಅದೂ ಅಲ್ಲದೆ ಸ್ಯಾಂಡಿ ದಿನ ನೀರು ಯಾವ ಮೆಟ್ಟಿಲವರೆಗೆ ಬಂತು ಅಂತ ನಿಜ ಹೇಳುವವರು ಅವರೊಬ್ಬರೇ ಇರಬಹುದು.

ನ್ಯೂಯಾರ್ಕ್‌ನಲ್ಲಿ ಮೊದಲು ಮಾರುವವರು 500 ಡಾಲರ್ ಬಿಟ್ಟುಕೊಟ್ಟು ಮನೆಯ ದೋಷಗಳ ಫಾರಂ ತುಂಬದೇ ತಪ್ಪಿಸಿಕೊಳ್ಳಬಹುದಿತ್ತು. 2024ರ ಮಾರ್ಚ್‌ನಿಂದ ಆ ದಾರಿ ಮುಚ್ಚಿದೆ, ಪ್ರವಾಹದ ಪ್ರಶ್ನೆಗಳೂ ಸೇರಿವೆ. ಆ ಫಾರಂ, ಪ್ರವಾಹದ ಮಟ್ಟಕ್ಕೆ ಹೋಲಿಸಿ ಕಟ್ಟಡ ಎಷ್ಟು ಎತ್ತರದಲ್ಲಿದೆ ಅಂತ ಹೇಳುವ ಎಲಿವೇಶನ್ ಸರ್ಟಿಫಿಕೇಟ್, ವಿಮೆಯ ಕೊಟೇಶನ್ ಮೂರೂ ಕೇಳಿದ್ದೇವೆ. ಅವು ಕೈಗೆ ಬರುವ ತನಕ ಆಫರ್ ಕೊಡುವುದಿಲ್ಲ. ಅಷ್ಟರಲ್ಲಿ ಬೇರೆಯವರು ಕೊಂಡುಕೊಂಡರೆ ಕೊಳ್ಳಲಿ ಬಿಡಿ.