ಅಡಿಕೆ ಸುಲಿಯೋವಾಗ ಕೇಳಿದ ಕಿಡ್ನ್ಯಾಪ್ ಕಥೆ

ನಮ್ ತೀರ್ಥಹಳ್ಳಿ ಕಡೆ ಈಗ ಅಡಿಕೆ ಸುಲಿಯೋ ಟೈಮು, ರಾತ್ರಿ ಹನ್ನೊಂದಾದ್ರೂ ಮೆಟ್ಟುಗತ್ತಿ ಮುಂದೆ ಕೂತಿರ್ತೀವಿ, ಮೊದ್ಲೆಲ್ಲ ಊರ ಸುದ್ದಿ ಮಾತಾಡ್ತಿದ್ವಿ ಈಗ ಗೋಣಿಚೀಲದ ಮೇಲೆ ಫೋನ್ ಇಟ್ಟು ಯೂಟ್ಯೂಬಲ್ಲಿ ಕ್ರೈಂ ಕಥೆ. ನಿನ್ನೆ ಕ್ಯಾಲಿಫೋರ್ನಿಯಾದ್ದು. 2016ರ ನವೆಂಬರಲ್ಲಿ ಜಾಗಿಂಗ್ ಹೋದ ಹೆಂಗಸು ಕಾಣೆಯಾಗಿ, 22 ದಿನ ಆದ್ಮೇಲೆ ಸೊಂಟಕ್ಕೆ ಚೈನು ಸುತ್ಕೊಂಡು ರಸ್ತೇಲಿ ಸಿಕ್ಕಿದ್ಲು, ಇಬ್ರು ಹೆಂಗಸರು ಹೊತ್ಕೊಂಡ್ ಹೋಗಿದ್ರು ಅಂದ್ಲು. ಬಟ್ಟೆ ಮೇಲಿನ ಡಿಎನ್‌ಎ ಹಿಡ್ಕೊಂಡ್ ಹುಡುಕಿದ್ರೆ ಅಷ್ಟೂ ದಿನ ಹಳೇ ಬಾಯ್‌ಫ್ರೆಂಡ್ ಮನೇಲಿದ್ಲು! 2022ರಲ್ಲಿ 18 ತಿಂಗಳು ಜೈಲು.

ಎಲ್ರೂ "ಅಬ್ಬಾ, ಏನ್ ತಲೆ ಮಾರಾಯ್ತಿ" ಅಂದ್ರು. ಚಿಕ್ಕಮ್ಮನ ಕೈ ನಿಂತೇ ಹೋಗಿತ್ತು, ಅರ್ಧ ಸುಲಿದ ಕಾಯಿ ಬೆರಳಲ್ಲೇ.

ನಂಗೆ ಮಾತ್ರ ಸಂಕಟ ಆಯ್ತು. ಯಾಕಂದ್ರೆ 2015ರಲ್ಲಿ ಅದೇ ರಾಜ್ಯದ ವಲೇಹೋ ಊರಲ್ಲಿ ನಿಜವಾಗ್ಲೂ ಅಪಹರಣ ಆಗಿ ವಾಪಸ್ ಬಂದವಳನ್ನ ಪೊಲೀಸ್ರು ನಾಟಕ ಅಂದ್ಬಿಟ್ಟಿದ್ರು, ಟೀವಿಯವ್ರೂ ಅದನ್ನೇ ಕುಣಿಸಿದ್ರು, ಆಮೇಲೆ ಆ ಪಾಪಿ ಸಿಕ್ಕಿ 40 ವರ್ಷ ಶಿಕ್ಷೆ ಆಯ್ತು. ಸುಳ್ಳಿನ ಕಥೆಗೆ ಬಾಯಿ ಬಿಟ್ಕೊಂಡ್ ಕೂರೋ ನಾವು ಇಂಥವಳ ಕಥೆ ಯಾಕೆ ಹಾಕಲ್ಲ ಅಂತ ಕೇಳ್ದೆ.

"ಅಲ್ದೇ, ಅವ್ಳು ಹೇಳಿದ್ದು ಯಾರೂ ನಂಬ್ಲೇ ಇಲ್ವನೇ?" ಅಂದ್ರು ಚಿಕ್ಕಮ್ಮ, ಫೋನ್ ಆಫ್ ಮಾಡಿ.