ಮಾತಾಡೋಕೂ ದುಡ್ಡು ಕೊಡ್ಬೇಕಾ?

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿಗೆ ಬಂದ್ಮೇಲೆ ಪ್ರತಿ ತಿಂಗಳು ಸಂಬಳದಲ್ಲಿ ಸ್ವಲ್ಪ ದುಡ್ಡು ಇಲ್ಲಿನ ಒಂದು ಚಿಕ್ಕ ಟ್ರಸ್ಟಿಗೆ ಕೊಡ್ತಿದೀನಿ, ಪ್ರೊಟೆಸ್ಟೆಂಟ್ ಏರಿಯಾದವರನ್ನ ಕ್ಯಾಥೊಲಿಕ್ ಏರಿಯಾದವರನ್ನ ಒಂದು ಕಡೆ ಕೂರಿಸಿ ಮಾತಾಡಿಸೋದು ಅವರ ಕೆಲಸ. ಇದು ಗೊತ್ತಾದವರೆಲ್ಲ ಕೇಳೋದು ಒಂದೇ ಪ್ರಶ್ನೆ. ನಮ್ಮ ಚಿಕ್ಕಪ್ಪ ಅಂತೂ ಫೋನ್ ಮಾಡ್ದಾಗೆಲ್ಲ ಕೇಳ್ತಾರೆ, "ಅಲ್ವೋ, ಮಾತಾಡೋಕೂ ದುಡ್ಡು ಕೊಡ್ಬೇಕೇನೋ? ಜಗಲಿ ಮೇಲೆ ನಾಲ್ಕು ಜನ ಕೂತ್ರೆ ಆಯ್ತಪ್ಪ. ಆ ದುಡ್ಡಲ್ಲಿ ಊರಿನ ಸ್ಕೂಲಿಗೆ ಹೆಂಚಾದ್ರೂ ಹಾಕಿಸ್ಬೋದಿತ್ತು."

ಆದ್ರೆ ಯಾರ ಜಗಲಿ, ಚಿಕ್ಕಪ್ಪ? ನಮ್ಮೂರಲ್ಲೇ ಎಲ್ಲರೂ ಎಲ್ಲರ ಜಗಲಿ ಹತ್ತೋಕೆ ಆಗ್ತಿತ್ತಾ? ಇಲ್ಲೂ ಅದೇ ಕಥೆ. ಚರ್ಚ್ ಹಾಲು ಒಂದು ಕಡೆಯವರದು, ಪಬ್ಬು ಇನ್ನೊಂದು ಕಡೆಯವರದು, ಸ್ಕೂಲುಗಳೂ ಬಹುಪಾಲು ಹಂಗೇನೇ. ಬ್ರಿಟನ್ ಜೊತೆಗೇ ಇರ್ಬೇಕು ಅನ್ನೋ ಹೆಚ್ಚಿನ ಪ್ರೊಟೆಸ್ಟೆಂಟರು, ಐರ್ಲೆಂಡಿಗೆ ಸೇರ್ಬೇಕು ಅನ್ನೋ ಹೆಚ್ಚಿನ ಕ್ಯಾಥೊಲಿಕರು, ಈ ಗಲಭೆಯಲ್ಲಿ 1960ರ ದಶಕದ ಕೊನೆಯಿಂದ 1998ರ ಶಾಂತಿ ಒಪ್ಪಂದದ ತನಕ ಸುಮಾರು 3,500 ಜನ ಸತ್ತಿದಾರೆ. ಮನೆ ಮನೆ ಮಧ್ಯೆ ಎದ್ದ ಗೋಡೆಗಳು ಇನ್ನೂ ಇವೆ, ಕೆಲವು ಗೇಟುಗಳಿಗೆ ಈಗ್ಲೂ ರಾತ್ರಿ ಬೀಗ ಬೀಳುತ್ತೆ. ಅಲೆಕ್ಸಾಂಡ್ರಾ ಪಾರ್ಕ್ ಅಂತ ಒಂದಿದೆ, 1994ರಲ್ಲಿ ಆ ಪಾರ್ಕಿನ ನಡುಮಧ್ಯೆನೇ ಗೋಡೆ ಎಬ್ಬಿಸಿದ್ರು, ಅದ್ರಲ್ಲೊಂದು ಗೇಟ್ ತೆಗೆಯೋಕೆ 2011 ಬರ್ಬೇಕಾಯ್ತು, ಅದೂ ಹಗಲು ಹೊತ್ತು ಮಾತ್ರ. ಮಕ್ಕಳು ಆಡೋ ಪಾರ್ಕು ಅದು!

ಅದಕ್ಕೇ ಎರಡೂ ಕಡೆಯವರಿಗೆ ಸೇರದ ಒಂದು ಜಗಲಿ ಬೇಕು, ಅದು ಪುಕ್ಕಟೆ ಸಿಗಲ್ಲ. ಹಾಲಿನ ಬಾಡಿಗೆ, ಚಳಿಗೆ ಹೀಟರ್, ಟೀ, ಬೇರೆಯವರ ಏರಿಯಾ ದಾಟಿ ಕತ್ತಲಲ್ಲಿ ನಡ್ಕೊಂಡು ಹೋಗೋಕೆ ಹೆದರೋ ವಯಸ್ಸಾದವರಿಗೆ ಟ್ಯಾಕ್ಸಿ, ಎಲ್ಲಕ್ಕಿಂತ ಹೆಚ್ಚಾಗಿ ಮಾತು ಜಗಳಕ್ಕೆ ತಿರುಗ್ದಾಗ ಇಬ್ಬರನ್ನೂ ಎದ್ದು ಹೋಗದ ಹಾಗೆ ಹಿಡ್ಕೊಳ್ಳೋ ಪಳಗಿದ ಜನರ ಸಂಬಳ.

ಇದನ್ನ ಮೊದಲೇ ಕಂಡವರು ರೇ ಡೇವಿ ಅನ್ನೋ ಪಾದ್ರಿ, ಎರಡನೇ ಮಹಾಯುದ್ಧದಲ್ಲಿ ಸೆರೆ ಸಿಕ್ಕಿದ್ದವರು. 1965ರಲ್ಲೇ, ಅಂದ್ರೆ ಗಲಭೆ ಶುರುವಾಗೋಕೂ ಮುಂಚೆ, ಅವರೂ ಅವರ ಜೊತೆಯವರೂ ಸೇರಿ ಬ್ಯಾಲಿಕ್ಯಾಸಲ್ ಹತ್ರ ಸಮುದ್ರದ ಪಕ್ಕ ಒಂದು ಹಳೇ ಹಾಲಿಡೇ ಸೆಂಟರ್ ಕೊಂಡ್ಕೊಂಡು ಕಾರಿಮೀಲ ಅಂತ ಎಲ್ಲರೂ ಸೇರೋ ಒಂದು ಕೇಂದ್ರ ಶುರು ಮಾಡಿದ್ರು, ಬೆಂಕಿ ಹತ್ತಿದಾಗ ಎರಡೂ ಕಡೆಯ ಜನಕ್ಕೆ ಹೋಗಿ ಕೂರೋಕೆ ಒಂದು ಜಾಗ ಇತ್ತು. ಆಮೇಲೆ 1981ರಲ್ಲಿ ಕೆಲವು ಅಪ್ಪ ಅಮ್ಮಂದಿರು ಲಗನ್ ಕಾಲೇಜ್ ತೆರೆದ್ರು, ಎರಡೂ ಕಡೆಯ ಮಕ್ಕಳು ಒಟ್ಟಿಗೆ ಓದೋ ಸ್ಕೂಲು, ಮೊದಲ ದಿನ ಬಂದಿದ್ದು 28 ಮಕ್ಕಳು. ಆಗ ಸರ್ಕಾರದ ದುಡ್ಡು ಇರ್ಲಿಲ್ಲ, ದಾನಿಗಳ ದುಡ್ಡಲ್ಲೇ ನಡೀತು. ಈಗ ಅಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳು ಓದ್ತಾರೆ.

ನನಗೆ ನಿಜವಾಗ್ಲೂ ಬೇಜಾರಾಗೋದು ಬೇರೆ ವಿಷಯಕ್ಕೆ. ದುಡ್ಡು ಕೊಡೋರು ಒಂದು ವರ್ಷ, ಎರಡು ವರ್ಷಕ್ಕೆ ಅಂತ ಕೊಡ್ತಾರೆ. ಮೊದಲ ವರ್ಷ ಜನ ಹವಾಮಾನ ಬಿಟ್ಟು ಬೇರೇನೂ ಮಾತಾಡಲ್ಲ, ಎರಡನೇ ವರ್ಷ ಒಬ್ಬರು ಮೆಲ್ಲಗೆ ಸತ್ತುಹೋದ ತಮ್ಮನ ಹೆಸರು ಎತ್ತುತಾರೆ, ಅಷ್ಟೊತ್ತಿಗೆ ಪ್ರಾಜೆಕ್ಟ್ ಮುಗೀತು, ಹಾಲಿಗೆ ಬೀಗ. ಒಂದು ದಿನದ ಸಮಾವೇಶ ಮಾಡಿ ಕೈ ಕೈ ಹಿಡಿದು ಫೋಟೋ ತೆಗೆಸೋದಕ್ಕೆ ನಾನು ಒಂದು ಪೌಂಡೂ ಕೊಡಲ್ಲ. ಎಷ್ಟು ವರ್ಷ ನಡೆಸ್ತೀರಾ ಅಂತ ಕೇಳಿ ಕೊಡ್ತೀನಿ. ಬ್ರಿಟನ್ ಐರ್ಲೆಂಡ್ ಸರ್ಕಾರಗಳು 1986ರಲ್ಲಿ ಶುರು ಮಾಡಿದ ಇಂಟರ್‌ನ್ಯಾಷನಲ್ ಫಂಡ್ ಫಾರ್ ಐರ್ಲೆಂಡ್ ಇಷ್ಟು ವರ್ಷ ಬಿಡದೆ ಹಿಂದೆ ನಿಂತಿದ್ದಕ್ಕೇ 2016ರಲ್ಲಿ ಕ್ರಮ್ಲಿನ್ ರೋಡಲ್ಲಿ ಒಂದು ಗೋಡೆ ಇಳೀತು, ಅಕ್ಕಪಕ್ಕದ ಮನೆಯವರು ವರ್ಷಗಟ್ಟಲೆ ಮಾತಾಡಿ ಒಪ್ಪಿದ್ಮೇಲೆ.

ಹೆಂಚಿಗೂ ಕಳಿಸ್ತೀನಿ ಚಿಕ್ಕಪ್ಪ, ಈ ದುಡ್ಡು ನಿಲ್ಲಿಸಿ ಅಲ್ಲ. ಇದನ್ನೆಲ್ಲ ಹೇಳಿದ್ಮೇಲೆ ಅವರು ಸ್ವಲ್ಪ ಹೊತ್ತು ಸುಮ್ನಿದ್ದು ಕೇಳಿದ್ದು, "ಆ ಗೋಡೆ ಇಳಿದ ದಿನ ಪಕ್ಕದ ಮನೆಯವರಿಗೆ ಭಯ ಆಗ್ಲಿಲ್ವೇನೋ?" ಆಗಿರ್ಬೇಕು ಅಂದೆ.